ಗುಣವತಿ ಅಳಬಾರದು

ಹೆಂಡತಿಯ ತಲೆಯೊಳಗಿನ ರಕ್ತನಾಳಗಳ ಸಿಕ್ಕು ಪೂರ್ತಿ ಮುಚ್ಚಿಹೋಗದೆ ಇನ್ನೂ ಚೂರು ಉಳಿದಿರಲಿ ಎಂದು ತಾನು ಬಯಸುತ್ತಿದ್ದೇನೆ ಎಂಬುದು ಬೂದೆಪ್ಪನಿಗೆ ಹೊಳೆದದ್ದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ, ಇಡ್ಲಿಯ ಮೊದಲ ತುತ್ತು ಬಾಯಿಗಿಟ್ಟ ಮೇಲೆ. ಇಂಥ ಯೋಚನೆ ಬಂದಾಗ ತುತ್ತು ಗಂಟಲಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಸಲೀಸಾಗಿ ಇಳಿಯಿತು. ಹಿಂದೆಯೇ ಕೈ ಇನ್ನೊಂದು ತುತ್ತು ಮುರಿಯಿತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಎದುರಿನ ಮೇಜಿನಲ್ಲಿ ಯಾರೋ ಹೆಂಗಸು ಫೋನಿನಲ್ಲಿ ತೆಲುಗಿನಲ್ಲಿ ಅಳುತ್ತಿದ್ದಳು, ಮೂಗು ಒರೆಸಿಕೊಳ್ಳುತ್ತ, ನಾಚಿಕೆಯಿಲ್ಲದೆ, ಚಹಾ ಆರಿಹೋಗುತ್ತಿದ್ದರೂ ಲಕ್ಷ್ಯವಿಲ್ಲದೆ. ಹೀಗೆ ಹತ್ತು ಮಂದಿಯ ನಡುವೆ ಕೂತು ಅಳುವವರನ್ನು ನೋಡಿದರೆ ಬೂದೆಪ್ಪನಿಗೆ ಈಗೀಗ ಸಿಟ್ಟು ಬರುತ್ತದೆ. ಮೇಲಿನ ಮಹಡಿಯಲ್ಲಿ ಗುಣವತಿಯ ತೊಡೆಯ ಸಂದಿಯಿಂದ ಸಣ್ಣ ಕೊಳವೆಯೊಂದನ್ನು ಕತ್ತಿನವರೆಗೆ ಏರಿಸಿ, ಔಷಧ ಬಿಟ್ಟು, ಮಿದುಳಿನ ರಕ್ತನಾಳಗಳ ಚಿತ್ರ ತೆಗೆಯುತ್ತಿದ್ದರು. ಕಳೆದ ಸ್ಕ್ಯಾನಿನಲ್ಲಿ ಸಿಕ್ಕು ಕಂಡಿರಲಿಲ್ಲ. ಆದರೂ ಒಂದು ಸಲ ಒಳಗೆ ಹೋಗಿ ನೋಡಿಯೇ ಮುಚ್ಚಿದೆ ಎಂದು ಹೇಳಬೇಕು, ಅಲ್ಲಿಯವರೆಗೆ ಹೇಳಲಾಗದು ಎಂದಿದ್ದರು ಡಾಕ್ಟರು. ಆ ಮಾತು ಬೂದೆಪ್ಪನಿಗೆ ಹಿತವಾಗಿತ್ತು, ಕೇಳಿದ ದಿನ ಆ ಹಿತವನ್ನು ತನ್ನ ಎಚ್ಚರಿಕೆಯ ಸ್ವಭಾವ ಎಂದೇ ತಿಳಿದಿದ್ದ.

ಬೆಳಿಗ್ಗೆ ಹೈದರಾಬಾದಿನ ತಾರ್ನಾಕದ ಮನೆಯಿಂದ ಆಟೋದಲ್ಲಿ ಬರುವಾಗ ಗುಣವತಿ ಹೊಸ ಸೀರೆ ಉಟ್ಟಿದ್ದಳು. ಅಲ್ಲಿ ಹೋದಕೂಡಲೇ ಹಸಿರು ನಿಲುವಂಗಿ ಹಾಕಿಸುತ್ತಾರೆ, ಯಾಕೆ ಹೊಸದು ಎಂದು ಕೇಳಲು ಹೋಗಿ ಬಾಯಿ ಮುಚ್ಚಿಕೊಂಡಿದ್ದ. ಅವಳಿಗೆ ಎದುರಾಡಿ ಅವನಿಗೆ ರೂಢಿಯೇ ತಪ್ಪಿಹೋಗಿತ್ತು. ಮೆಟ್ರೋ ಕಂಬಗಳು ಒಂದಾದ ಮೇಲೊಂದು ಹಿಂದೆ ಸರಿಯುತ್ತಿರುವಾಗ ಅವಳೇ ಮತ್ತೆ ಮಾನ್ವಿಯ ಮಾತು ತೆಗೆದಳು. “ಈ ಸಲ ಪೂರಾ ಹೋಗಿದ್ರ ನಾ ಮಾನ್ವಿಗೆ ಹೋಗಾಕಿ ನೋಡ್ರಿ. ಮುಂದಿನ ವಾರ ಅವ್ವನ ದಿನಾ ಐತಿ. ಅಣ್ಣನ ಮನ್ಯಾಗ ನಾನ ನಿಂತು ಎಡಿ ಮಾಡ್ತೀನಿ. ಆಮ್ಯಾಲ ಆಕಿ ಸಮಾಧಿಗೆ ಹೋಗಿ ಒಮ್ಮೆ ಬಾಯಿಬಿಟ್ಟು ಅಳಬೇಕು. ಇಲ್ಲೀತನಾ ನೀವು ಯಾರೂ ನನ್ನ ಅಳಾಕ ಬಿಟ್ಟಿಲ್ಲ.” ದನಿಯಲ್ಲಿ ದೂರಿರಲಿಲ್ಲ. ಪ್ರವಾಸಕ್ಕೆ ಹೊರಡುವವರ ಸಡಗರದಂಥದ್ದೇನೋ ಇತ್ತು. ಬೂದೆಪ್ಪ ಹೊರಗೆ ನೋಡುತ್ತ “ನೋಡೂಣು” ಎಂದ. ಆಟೋದವನು ಕನ್ನಡಿಯಲ್ಲಿ ಒಮ್ಮೆ ಅವನನ್ನು ನೋಡಿದಂತಾಯಿತು. ಆಟೋದವನಿಗೆ ಕನ್ನಡ ಬರುತ್ತಿರಲಿಲ್ಲ, ಬರುತ್ತಿದ್ದರೂ ಏನೂ ತಿಳಿಯುವಂತಿರಲಿಲ್ಲ, ಆದರೂ ಬೂದೆಪ್ಪ ಜರಗಿ ಕೂತ.

ಮುಂದಿನ ವಾರ ಅವ್ವನ ದಿನವಲ್ಲ. ಅದು ಯಾರ ದಿನವೂ ಅಲ್ಲ.

ಇದೆಲ್ಲ ಸುರುವಾದಾಗ ಮಗಳು ಚಿನ್ಮಯಿ ಐದನೆಯ ಇಯತ್ತೆಯಲ್ಲಿದ್ದಳು. ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಗುಣವತಿ ಒದ್ದೆ ದುಪ್ಪಡಿಯನ್ನು ಎಳೆದುಕೊಂಡೇ ಬಿದ್ದು ಒದ್ದಾಡಿದಳೆಂದು ಮಗಳು ಅಪ್ಪನ ಕಾರ್ಖಾನೆಗೆ ಫೋನು ಮಾಡಿಸಿದ್ದಳು. ತಲೆಯೊಳಗೆ, ಬಲಗಡೆ, ಬೋರೆಹಣ್ಣಿನಷ್ಟು ದೊಡ್ಡ ಗಂಟು. ರಕ್ತ ಒಯ್ಯುವ ನಾಳಕ್ಕೂ ತರುವ ನಾಳಕ್ಕೂ ನಡುವೆ ಇರಬೇಕಾದ ನವಿರು ಜಾಲ ಹುಟ್ಟಿನಿಂದಲೇ ಇಲ್ಲದೆ ಎರಡೂ ನೇರವಾಗಿ ಹೆಣೆದುಕೊಂಡುಬಿಟ್ಟಿವೆ, ರಕ್ತ ರಭಸದಲ್ಲಿ ನುಗ್ಗುತ್ತದೆ, ಒಂದು ಕಡೆ ಸ್ವಲ್ಪ ಒಸರಿದೆ ಎಂದರು. ಆಗಿದ್ದವರು ವಯಸ್ಸಾದ ಡಾಕ್ಟರು. ಬಾಗಿಲು ದಾಟುತ್ತಿದ್ದ ಬೂದೆಪ್ಪನ ಹೆಗಲು ತಟ್ಟಿ, ಯಾರಿಗಾದರೂ ಹೇಳುವಂತೆ, “ಟೆನ್ಶನ್ ನಹೀ ದೇನಾ” ಎಂದಿದ್ದರು, ಅವಳಿಗೆ ಚಿಂತೆ ಕೊಡಬೇಡ ಎಂದು. ಅಷ್ಟೇ. ಆ ಒಂದು ಮಾತಿನ ಮೇಲೆ ಬೂದೆಪ್ಪ ಮುಂದಿನ ಸಂಸಾರವನ್ನೆಲ್ಲ ಕಟ್ಟಿದ. ಮನೆಯಲ್ಲಿ ಯಾರೂ ದನಿ ಏರಿಸಬಾರದು. ಕೆಟ್ಟ ಸುದ್ದಿ ಇರುವ ಫೋನು ಬಂದರೆ ಬಾಲ್ಕನಿಗೆ ಹೋಗಿ ಮಾತಾಡಬೇಕು. ಚಿನ್ಮಯಿ ಗಣಿತದಲ್ಲಿ ನಪಾಸಾದದ್ದನ್ನು ಪಾಸೆಂದೇ ಹೇಳಿದ್ದಾಯಿತು. ಹುಡುಗಿ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುವುದನ್ನು ಕಲಿತಳು, ಮದುವೆಯಾಗಿ ಮಿಯಾಪುರಕ್ಕೆ ಹೋದ ಮೇಲೂ ಅದೇ ರೂಢಿ ಎಂದು ಅಳಿಯ ಒಮ್ಮೆ ನಗುತ್ತ ಹೇಳಿದ್ದ. ಗುಣವತಿ ಮೊದಮೊದಲು ಹೆದರಿ ಸುಮ್ಮನಿದ್ದಳು. ಆಮೇಲೆ ರೇಗತೊಡಗಿದಳು. ಒಂದು ರವಿವಾರ ಮಧ್ಯಾಹ್ನ ಅವನನ್ನು ಎದುರಿಗೆ ಕೂರಿಸಿಕೊಂಡು ಬೇಕಂತಲೇ ಬೈದಳು. ಅವನ ತಾಯಿಯನ್ನು, ಅವನ ಗೊರಕೆಯನ್ನು, ಅವನ ನೌಕರಿಯನ್ನು, ಬಾಯಿಗೆ ಬಂದದ್ದನ್ನೆಲ್ಲ. ಅವನು ನಗುಮುಖ ಮಾಡಿಕೊಂಡೇ ಇದ್ದ. ಕೊನೆಗೆ ಅವಳು ದಣಿದು, “ಒಂದು ಮಾತರೆ ತಿರುಗಿ ಅನ್ರಿ. ನಾ ಏನು ಸತ್ತಾಕಿ ಏನು?” ಎಂದಳು. ಅವನು ಎದ್ದು ಹಾಲು ತರಲು ಹೋದ. ಕೆಳಗಿನ ಮನೆಯ ಹೆಂಗಸರು ದೇವರಂಥ ಗಂಡ ಎನ್ನುತ್ತಿದ್ದರು, ಕಾರ್ಖಾನೆಯಲ್ಲೂ ಆ ಮಾತಿತ್ತು. ಕೇಳಿದಾಗ ಅವನು ತಲೆ ತಗ್ಗಿಸುತ್ತಿದ್ದ. ತಗ್ಗಿಸುವಾಗ ಒಳಗೆ ಒಂದು ಸುಖವಿರುತ್ತಿತ್ತು, ಸುಳ್ಳೇಕೆ.

ಆ ಮೊದಲ ಸಲ ಗುಣವತಿ ಆಸ್ಪತ್ರೆಯಿಂದ ಮನೆಗೆ ಬಂದ ಮಾರನೆಯ ದಿನವೇ ಮಾನ್ವಿಯಿಂದ ಅವಳ ಅಣ್ಣ ಅಮೃತಪ್ಪನ ಫೋನು ಬಂದಿತ್ತು, ಅವ್ವ ಹೋದಳು ಎಂದು. ಬೂದೆಪ್ಪ ಬಾಲ್ಕನಿಯಲ್ಲಿ ನಿಂತು ಕೇಳಿಸಿಕೊಂಡ. ಒಳಗೆ ಅವಳು ಗಂಜಿ ಕುಡಿಯುತ್ತಿದ್ದಳು. “ಈಗ ಹೇಳಿದ್ರ ತಲ್ಯಾಗಿನ ನರಾ ಒಡೀತೈತ್ರಿ, ಡಾಕ್ಟರ ಹೇಳ್ಯಾರ” ಎಂದ. ಡಾಕ್ಟರು ಹಾಗೆ ಹೇಳಿರಲಿಲ್ಲ. ಮಣ್ಣಾಯಿತು, ದಿನಗಳಾದವು, ಬಂದ ಬೀಗರು ಉಂಡು ಹೋದರು. ಗುಣವತಿ ನಡೆದಾಡುವಂತಾಗಿ, ಅವ್ವ ಫೋನಿಗೆ ಯಾಕೆ ಬರುವುದಿಲ್ಲ ಎಂದು ದಿನಾ ಕೇಳತೊಡಗಿದಾಗ, ತಿಂಗಳಾಗಲಿಕ್ಕೆ ಬಂದಿತ್ತು. ಆಗ ಬೂದೆಪ್ಪನಿಗೆ ಆ ಉಪಾಯ ಹೊಳೆಯಿತು. ಅವ್ವನಿಗೆ ಆರಾಮಿಲ್ಲ ಎಂದು ಹೇಳಿ ಕಾರು ಮಾಡಿಕೊಂಡು ಕರೆದೊಯ್ಯುವುದು, ಮನೆ ಮುಟ್ಟಿದ ಮೇಲೆ ನಿನ್ನೆ ಹೋದಳು, ಇಡಲಾಗದೆ ಸಂಜೆಗೇ ಮಣ್ಣು ಮಾಡಿದೆವು ಎನ್ನುವುದು. ನಿನ್ನೆ ಹೋದಳು ಎಂದರೆ ತಿಂಗಳ ಹಿಂದೆಯೇ ತನ್ನನ್ನು ಬಿಟ್ಟು ಎಲ್ಲ ಮಾಡಿ ಮುಗಿಸಿದರು ಎಂಬ ಸಂಕಟವಿರುವುದಿಲ್ಲ. ಕೇಳಿ ಅಮೃತಪ್ಪ “ಸತ್ತಾಕಿನ್ನ ಮತ್ತೊಮ್ಮೆ ಸಾಯಸ್ರಿ ಅಂತೀರೇನು?” ಎಂದಿದ್ದ. ಆದರೂ ಒಪ್ಪಿದ, ತಂಗಿಯ ಜೀವದ ಮಾತು. ಅವರು ಹೋಗಿ ಇಳಿದಾಗ ಅವ್ವ ಮಲಗುತ್ತಿದ್ದ ಜಾಗದಲ್ಲಿ ಎತ್ತಿಟ್ಟಿದ್ದ ದೀಪವನ್ನು ಮತ್ತೆ ಹಚ್ಚಿದ್ದರು. ಓಣಿಯ ಹೆಂಗಸರಿಗೆ ಮೊದಲೇ ಹೇಳಿಟ್ಟಿದ್ದರಿಂದ ಅವರು ಬಂದು ಗೋಡೆಗೆ ಆತು ಕೂತಿದ್ದರು. ಒಮ್ಮೆ ಅತ್ತು ಮುಗಿಸಿದವರು ಎರಡನೆಯ ಸಲ ಅಳುವಾಗ ಮುಖ ಹೇಗಿರುತ್ತದೆ ಎಂಬುದನ್ನು ಬೂದೆಪ್ಪ ಅವತ್ತು ನೋಡಿದ. ಸೆರಗು ಕಣ್ಣಿಗೆ ಹೋಗುತ್ತಿತ್ತು, ಕಣ್ಣು ಮಾತ್ರ ಅತ್ತಿತ್ತ ನೋಡುತ್ತಿತ್ತು. ಒಬ್ಬ ಮುದುಕಿಗೆ ನಿಜವಾಗಿಯೇ ದುಃಖ ಒತ್ತರಿಸಿ ಬಂದು ದೊಡ್ಡ ದನಿ ತೆಗೆದಾಗ ಅಮೃತಪ್ಪನೇ ಎದ್ದು ಅವಳ ರಟ್ಟೆ ಹಿಡಿದು ಹೊರಗೆ ಕೂರಿಸಿ ಬಂದ. ಗುಣವತಿ ದೀಪ ನೋಡಿದಳು, ಗೋಡೆ ನೋಡಿದಳು. “ಸುಣ್ಣಾ ಹೊಡಿಸೀರೇನು?” ಎಂದು ಕೇಳಿದಳು. “ಅವ್ವ ದವಾಖಾನಿಂದ ಬರ್ತಾಳಂತ ಹೊಡಿಸಿದ್ವಿ” ಎಂದ ಅಮೃತಪ್ಪ, ನೆಲ ನೋಡುತ್ತ. ಆಗ ಅವಳ ಎದೆಯಿಂದ ಒಂದು ದನಿ ಏಳಲು ಹವಣಿಸಿತು. ಕೂಡಲೇ ನಾಲ್ಕು ಕಡೆಯಿಂದ ಕೈಗಳು ಅವಳನ್ನು ಹಿಡಿದವು. ಅಳಬ್ಯಾಡವ್ವ, ಅಳಬ್ಯಾಡ ತಂಗಿ, ತಲಿಗೆ ಛಲೋ ಅಲ್ಲ. ಯಾರೋ ನೀರು ತಂದರು, ಬೂದೆಪ್ಪ ಗುಳಿಗೆ ಕೊಟ್ಟ, ಅವಳು ಮಲಗಿಬಿಟ್ಟಳು. ಸಮಾಧಿಗೆ ಕರೆದೊಯ್ಯಿರಿ ಎಂದು ಮಾರನೆಯ ದಿನ ಕೇಳಿದ್ದಕ್ಕೆ ಬಿಸಿಲಿದೆ ಎಂದು ಹೇಳಿ ಹೈದರಾಬಾದಿಗೆ ಹೊರಡಿಸಿದ. ಹೊಲದಲ್ಲಿ ಸಮಾಧಿಯ ಮಣ್ಣು ಆಗಲೇ ಆರಿ ಬಿರುಕು ಬಿಟ್ಟಿತ್ತು.

ಅಂದಿನಿಂದ ಪ್ರತಿವರ್ಷ ಅವಳು ಆ ಸುಳ್ಳು ನಿನ್ನೆಯ ತಿಥಿಯನ್ನು ಹಿಡಿದಿದ್ದಾಳೆ. ತಲೆಸ್ನಾನ ಮಾಡಿ, ಸಜ್ಜಕದ ಹೋಳಿಗೆ ಮಾಡಿ, ಅವ್ವನ ಫೋಟೋದ ಮುಂದೆ ಎಡೆ ಇಟ್ಟು, ಅದಾಗುವವರೆಗೆ ಹನಿ ನೀರೂ ಕುಡಿಯದೆ ಇರುತ್ತಾಳೆ. ಬೂದೆಪ್ಪ ಊದಿನಕಡ್ಡಿ ಹಚ್ಚಿ ನಮಸ್ಕರಿಸುತ್ತಾನೆ. ಆಮೇಲೆ ಅವಳು ಮಾನ್ವಿಗೆ ಫೋನು ಮಾಡಿ, “ಅಣ್ಣಾ, ನಿಮ್ಮಲ್ಲಿ ಎಡಿ ಆತೇನು?” ಎಂದು ಕೇಳುತ್ತಾಳೆ, ಅವರಲ್ಲಿ ಆಗಿ ತಿಂಗಳಾಗುತ್ತ ಬಂದಿರುತ್ತದೆ, ಅಮೃತಪ್ಪ ಆತವ್ವ ಎನ್ನುತ್ತಾನೆ. ಮೂರು ವರ್ಷದ ಮೇಲೆ ಮತ್ತೆ ಸ್ಕ್ಯಾನು ಮಾಡಿಸಿದಾಗ ಗಂಟು ಬೆಳೆದಿತ್ತು. ಇದು ಇದ್ದಂತೆ ಇರುವುದಲ್ಲ, ಅಕ್ಕಪಕ್ಕದ ನಾಳಗಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಎಳೆದುಕೊಂಡಷ್ಟೂ ಹಿಗ್ಗುತ್ತದೆ, ಕೆಲವರಲ್ಲಿ ಮಾತ್ರ ತಾನಾಗಿ ಕುಗ್ಗುವುದೂ ಉಂಟು ಎಂದರು. ಕಿರಣ ಹಾಯಿಸುವ ಚಿಕಿತ್ಸೆಯಾಯಿತು. ಒಂದೇ ಹಗಲಿನ ಕೆಲಸ, ಆದರೆ ಫಲ ಬರಲು ವರ್ಷಗಳು ಬೇಕು. ನಾಳದ ಗೋಡೆ ಒಳಗೊಳಗೇ ದಪ್ಪವಾಗುತ್ತ ಹೋಗಿ ಒಂದು ದಿನ ದಾರಿಯೇ ಮುಚ್ಚುತ್ತದೆ. ಗಂಟು ಅರ್ಧವಾಯಿತು, ನಡುವೆ ಸುತ್ತಲೂ ಬಾವು ಬಂದು ಎಡಗೈ ಕೆಲವು ತಿಂಗಳು ಸೋತು ಮತ್ತೆ ಸರಿಹೋಯಿತು, ಉಳಿದ ಚೂರು ಎಷ್ಟೋ ವರ್ಷ ಹಾಗೇ ಇತ್ತು, ಮತ್ತೊಮ್ಮೆ ಕಿರಣ ಕೊಟ್ಟರು. ಈ ಕಡೆ ಬೂದೆಪ್ಪನ ಸುಳ್ಳು ಮಾತ್ರ ಬೆಳೆಯುತ್ತಲೇ ಹೋಯಿತು. ಅದಕ್ಕೂ ಹೊಸ ಹೊಸ ಮಂದಿ ಬೇಕಾಗುತ್ತಿತ್ತು. ಅಮೃತಪ್ಪನ ಮಗನಿಗೆ ಮದುವೆಯಾದಾಗ ಹೊಸ ಸೊಸೆಗೆ ಎಲ್ಲ ಹೇಳಿಕೊಡಬೇಕಾಯಿತು, ಆಕೆ ನಕ್ಕಳಂತೆ. ಮದುವೆಗೆ ಗುಣವತಿಯನ್ನು ಕರೆದೊಯ್ಯಲಿಲ್ಲ. ಪಟಾಕಿಯ ಸಪ್ಪಳ ತಡೆಯುವುದಿಲ್ಲ ಎಂದ. ಹೊಲದಲ್ಲಿ ಅವ್ವನ ಸಮಾಧಿಗೆ ಅಮೃತಪ್ಪ ಕಲ್ಲು ನಿಲ್ಲಿಸಿದ್ದ. ಹೆಸರು, ಊರು, ಲಿಂಗೈಕ್ಯಳಾದ ತಾರೀಖು, ಎಲ್ಲ ಕೆತ್ತಿಸಿದ್ದ. ಗುಣವತಿ ಈ ಸಲ ಬರುತ್ತೇನೆ ಎನ್ನುತ್ತಿದ್ದಾಳೆ, ಏನು ಮಾಡೋಣ ಎಂದು ಹೋದ ವಾರ ಬೂದೆಪ್ಪ ಫೋನು ಮಾಡಿದರೆ, “ಉಳಿ ತಗೊಂಡು ಕಲ್ಲ ಮ್ಯಾಲಿನ ತಾರೀಖ ಕೆತ್ತಿ ತಗೀಲೇನ್ರಿ?” ಎಂದಿದ್ದ ಅಮೃತಪ್ಪ. “ಹೇಳಿಬಿಡ್ರಿ ಇನ್ನ. ನಮಗ ಸಾಕಾಗೈತಿ. ನಮ್ಮವ್ವಂದು ದಿನಾ ಮಾಡಾಕೂ ಕಳ್ಳರಂಗ ಮಾಡ್ತೀವಿ.”

“ಪೇಶಂಟ್ ಗುಣವತಿ ಅಟೆಂಡರ್ ಎವರಂಡಿ?” ಗುಣವತಿಯ ಕಡೆಯವರು ಯಾರು ಎಂದು ಬಾಗಿಲಲ್ಲಿ ನರ್ಸು ಕೂಗಿದಳು. ತಾನು ಯಾವಾಗ ಕ್ಯಾಂಟೀನಿನಿಂದ ಎದ್ದು ಬಂದು ಈ ಕುರ್ಚಿಯಲ್ಲಿ ಕೂತೆ ಎಂಬುದು ಬೂದೆಪ್ಪನಿಗೆ ನೆನಪಿರಲಿಲ್ಲ. ಕೈ ಎತ್ತಿದ, ಶಾಲೆಯ ಹುಡುಗನಂತೆ.

ಡಾಕ್ಟರು ಈಗಿನವರು, ಚಿಕ್ಕ ವಯಸ್ಸು. ತೆಲುಗಿನಲ್ಲಿ ರಂಡಿ ಸಾರ್, ಬನ್ನಿ ಎಂದು ಕುರ್ಚಿ ತೋರಿಸಿ ಪರದೆಯನ್ನು ಅವನ ಕಡೆ ತಿರುಗಿಸಿದರು. ಬೂದೆಪ್ಪ ರಕ್ಷಣಾ ಕಾರ್ಖಾನೆಯೊಂದರಲ್ಲಿ ಬೆಸುಗೆಯ ಎಕ್ಸ್-ರೇ ಫಿಲ್ಮುಗಳನ್ನು ಪರೀಕ್ಷಿಸುವವನು ಎಂಬುದು ಅವರಿಗೆ ಗೊತ್ತಿತ್ತು; ನೀವೂ ನಮ್ಮ ಕೆಲಸದವರೇ ಎಂದು ಪ್ರತಿಸಲ ತಮಾಷೆ ಮಾಡುವರು. ಲೋಹದೊಳಗಿನ ಕೂದಲೆಳೆಯಷ್ಟು ಬಿರುಕನ್ನೂ ಬೆಳಕಿನ ಪೆಟ್ಟಿಗೆಯ ಮೇಲೆ ಹಿಡಿದು ಕಂಡುಹಿಡಿಯುವ ಕಣ್ಣು ಅವನದು. ಅವನು ಪಾಸು ಮಾಡಿದ್ದು ಮುಂದೆಲ್ಲೂ ಒಡೆದಿಲ್ಲ. ಮೇಲಧಿಕಾರಿ ಬಂದು ಹೇಳಿದರೂ ಸಂಶಯವಿದ್ದ ಫಿಲ್ಮಿಗೆ ಸಹಿ ಹಾಕಿದವನಲ್ಲ. ಈಗ ಆ ಕಣ್ಣಿನಿಂದಲೇ ನೋಡಿದ. ಬೂದುಬಣ್ಣದ ಮೇಲೆ ಕಪ್ಪಗೆ ನಾಳಗಳು ಟೊಂಗೆಯೊಡೆಯುತ್ತ ಹೋಗಿದ್ದವು, ನವಿರಾಗಿ, ಅಚ್ಚುಕಟ್ಟಾಗಿ. ಬಲಗಡೆ, ಮೊದಲು ಗಂಟು ಇದ್ದಲ್ಲಿ, ಏನೂ ಇರಲಿಲ್ಲ. ಬೂದೆಪ್ಪ ಮುಂದೆ ಬಾಗಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಏನಾದರೂ ಇರಲಿ ಎಂದು ಹುಡುಕಿದ, ಒಂದು ಎಳೆ, ಒಂದು ಮಬ್ಬು. ಇಷ್ಟು ಶ್ರದ್ಧೆಯಿಂದ ಅವನು ಯಾವ ಫಿಲ್ಮಿನಲ್ಲೂ ದೋಷ ಹುಡುಕಿರಲಿಲ್ಲ.

“ಅಂತಾ ಕ್ಲೋಸ್ ಅಯಿಂದಿ ಸಾರ್” ಎಂದರು ಡಾಕ್ಟರು, ಪೂರ್ತಿ ಮುಚ್ಚಿದೆ ಎಂದು. ಇನ್ನು ಭಯವಿಲ್ಲ, ಫಿಟ್ಸಿನ ಗುಳಿಗೆಯನ್ನು ಮಾತ್ರ ನಿಧಾನ ಇಳಿಸೋಣ, ಎಲ್ಲಿಗೆ ಬೇಕಾದರೂ ಹೋಗಿಬರಲಿ ಎಂದು ತೆಲುಗಿನಲ್ಲಿ ಹೇಳುತ್ತಿದ್ದರು. ಬೂದೆಪ್ಪನಿಗೆ ಕೈ ಮುಗಿಯಬೇಕೆಂದು ತೋಚಿತು, ಮುಗಿದ. ಆಮೇಲೆ ಕೇಳಬಾರದೆಂದುಕೊಂಡರೂ ಕೇಳಿದ. ಮೊದಲು, ಗಂಟು ಇದ್ದಾಗ, ಯಾವುದಾದರೂ ದುಃಖದ ಸುದ್ದಿ ಹೇಳಿದ್ದರೆ ಒಡೆಯುತ್ತಿತ್ತಲ್ಲವೇ ಸಾರ್. ಡಾಕ್ಟರು ಪರದೆಯಿಂದ ಕಣ್ಣು ತೆಗೆದರು. ಒಡೆಯುವುದಿದ್ದರೆ ಸುಮ್ಮನೆ ಕೂತಾಗಲೂ ಒಡೆಯುತ್ತದೆ, ನಿದ್ದೆಯಲ್ಲೂ ಒಡೆಯುತ್ತದೆ, ಬಿಪಿ ಹಿಡಿತದಲ್ಲಿದ್ದರೆ ಸಾಕು. ಅತ್ತರೆ ಒಡೆಯುತ್ತದೆ ಎಂದು ನಾವು ಯಾರಿಗೂ ಹೇಳುವುದಿಲ್ಲ, ಮನುಷ್ಯರೆಂದ ಮೇಲೆ ಅಳುವುದಿಲ್ಲವೇ ಎಂದರು. ದನಿಯಲ್ಲಿ ಏನೂ ವಿಶೇಷವಿರಲಿಲ್ಲ. ಆಗಲೇ ಮುಂದಿನ ಹೆಸರನ್ನು ನೋಡುತ್ತಿದ್ದರು. ರೌಂಡಿಗೆ ಬಂದಾಗ ಅಮ್ಮನಿಗೆ ನಾನೇ ಈ ಖುಷಿಯ ವಿಷಯ ಹೇಳುತ್ತೇನೆ ಎಂದು ಅವರು ಅಂದಾಗ ಬೂದೆಪ್ಪ ಎದ್ದು ನಿಂತಿದ್ದ. “ವದ್ದಂಡಿ, ನೇನೇ ಚೆಪ್ತಾನು” ಎಂದ, ಬ್ಯಾಡ್ರಿ ನಾನೇ ಹೇಳುತ್ತೇನೆ ಎಂದು. ಡಾಕ್ಟರು ನಕ್ಕು ಸರೇ ಸಾರ್ ಎಂದರು. ಗಂಡನೇ ಹೇಳಲಿ ಎಂದು ಅವರಿಗೆ ಅನಿಸಿರಬೇಕು.

ಕಾರಿಡಾರಿನಲ್ಲಿ ಅವನು ಹೇಳಲೆಂದೇ ಹೊರಟಿದ್ದ, ಇದನ್ನು ಮಾತ್ರ ಅವನ ಪರವಾಗಿ ಹೇಳಬೇಕು. ಗುಣಾ, ಪೂರಾ ಹೋಗೇತಿ. ಅಷ್ಟು ಹೇಳಿ, ಅವಳು ನಗುವುದನ್ನು ನೋಡಿ, ಆಮೇಲೆ ಇನ್ನೊಂದು ಮಾತು ಐತಿ ಅನ್ನಬೇಕು. ಅನ್ನಬಹುದು. ಲಿಫ್ಟಿನ ಮುಂದೆ ನಿಂತಾಗ ಆ ಇನ್ನೊಂದು ಮಾತಿನ ಮೊದಲ ಪದ ಯಾವುದು ಎಂದು ಹುಡುಕಿದ. ಅವ್ವ ಎಂದು ಸುರು ಮಾಡಬೇಕೋ, ನಾನು ಎಂದೋ. ಅವಳು ಏನು ಕೇಳುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು. ಯಾಕೆ ಎಂದು ಕೇಳುವುದಿಲ್ಲ, ಅದಕ್ಕೆ ಉತ್ತರವಿದೆ. ಗುಡ್ಡದಷ್ಟು ಪ್ರೀತಿ ಇತ್ತು, ಹೆದರಿಕೆ ಇತ್ತು. ಅವಳು ಕೇಳುವುದು, ಆ ಹೆಂಗಸರೆಲ್ಲ ಸುಳ್ಳೇ ಅತ್ತರೇನು ಎಂದು. ಇಷ್ಟು ವರ್ಷ ನಾ ಇಟ್ಟ ಎಡಿ ಅವ್ವಗ ಮುಟ್ಟಲೇ ಇಲ್ಲೇನು ಎಂದು. ನನ್ನ ಮುಂದ ನೀವು ಪ್ರತಿವರ್ಷ ಹೆಂಗ ಕೈಮುಗಿದ್ರಿ ಎಂದು. ಹುಚ್ಚಿ ಮಾಡಿದ್ರಿ ನನ್ನ ಎಂದು. ದೇವರಂಥ ಗಂಡನ ಕಡೆ ಆಮೇಲೆ ಆ ಕಣ್ಣು ಹೇಗೆ ನೋಡೀತು ಎಂಬಲ್ಲಿಗೆ ಬಂದು ಅವನ ಯೋಚನೆ ನಿಂತಿತು, ಲಿಫ್ಟೂ ನಿಂತಿತು. ಅವಳ ಜೀವಕ್ಕೆ ಇನ್ನು ಏನೂ ಆಗುವುದಿಲ್ಲ. ಹೆದರಿಕೆಯೆಲ್ಲ ಈಗ ತನ್ನೊಬ್ಬನದು. ಇಷ್ಟು ದಿನವೂ ಅಷ್ಟೇ ಆಗಿತ್ತೇನೋ. ಬೂದೆಪ್ಪ ಫೈಲನ್ನು ಕಂಕುಳಿಗೆ ಒತ್ತಿಕೊಂಡು ವಾರ್ಡಿನ ಬಾಗಿಲು ತಳ್ಳಿದ.

ಗುಣವತಿ ಅಂಗಾತ ಮಲಗಿದ್ದಳು. ಕೊಳವೆ ಹಾಕಿದ ಕಾಲನ್ನು ಸಂಜೆಯವರೆಗೆ ಮಡಚಬಾರದೆಂದು ಹೇಳಿದ್ದರು. ಹಸಿರು ನಿಲುವಂಗಿಯಲ್ಲಿ ಸಣ್ಣದಾಗಿ ಕಾಣುತ್ತಿದ್ದಳು. ಪಕ್ಕದ ಹಾಸಿಗೆಯ ಹುಡುಗಿ ಮೊಬೈಲಿನಲ್ಲಿ ಏನೋ ನೋಡುತ್ತಿದ್ದಳು. “ಏನಂದ್ರು?” ಎಂದಳು ಗುಣವತಿ, ಅವನು ಸ್ಟೂಲು ಎಳೆದುಕೊಳ್ಳುವ ಮುಂಚೆಯೇ. ಆ ಕಣ್ಣುಗಳಲ್ಲಿ ಆಗಲೇ ಮಾನ್ವಿಯ ಬಸ್ಸು ಹೊರಟಿತ್ತು. ಬೂದೆಪ್ಪ ಫೈಲು ತೆರೆದ. ಅವಳಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಬಂದರೂ ಅವಳು ಓದುತ್ತಿರಲಿಲ್ಲ. ಫಿಲಂ ಓದಾವ್ರು ಮನ್ಯಾಗ ನೀವಿದ್ದೀರಲ್ಲ ಎನ್ನುತ್ತಿದ್ದಳು. ಅವನು ಹಾಳೆಯ ಮೇಲೆ ಬೆರಳಿಟ್ಟ.

“ಭಾಳ ಕಡಿಮಿ ಆಗೇತಿ” ಎಂದ.

“ಅಂದ್ರ?”

“ಒಂದು ಎಳಿ ಉಳದೈತಿ ಅಂದ್ರು. ಸಣ್ಣದು. ಹೆದರೂದೇನಿಲ್ಲ. ಮೊದಲಿನಂಗ ಜ್ವಾಕಿ ಇದ್ರ ಆತು.”

ಹೇಳುವುದು ಇಷ್ಟು ಸುಲಭ ಎಂದು ಅವನು ಎಣಿಸಿರಲಿಲ್ಲ. ಬೆರಳು ಹಾಳೆಯ ಮೇಲೆ ಹಾಗೇ ಇತ್ತು. ಗುಣವತಿ ಆ ಬೆರಳನ್ನು ನೋಡಿದಳು, ಆಮೇಲೆ ಮೇಲಿನ ಫ್ಯಾನನ್ನು. ಕೆಳತುಟಿ ಒಮ್ಮೆ ಅದುರಿತು. ಅವಳು ಅದನ್ನು ಹಲ್ಲಿನಲ್ಲಿ ಹಿಡಿದಳು, ಕಣ್ಣು ಮುಚ್ಚಿದಳು, ಮೂಗಿನಿಂದ ಮೆಲ್ಲಗೆ ಉಸಿರು ಎಳೆದು ಮೆಲ್ಲಗೆ ಬಿಟ್ಟಳು. ಮತ್ತೆ ಎಳೆದಳು. ಎಷ್ಟೋ ವರ್ಷ ಒಂದೇ ಕೆಲಸ ಮಾಡಿ ಪಳಗಿದವಳ ಹಾಗೆ, ಎಲ್ಲಿಯೂ ತಪ್ಪದೆ, ಅವಳು ಅಳುವನ್ನು ಒಳಗೆ ಕಳಿಸುತ್ತಿದ್ದಳು. ಅದರ ಅಗತ್ಯವೇ ಇಲ್ಲವೆಂದು ಗೊತ್ತಿದ್ದವನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಈಗಲಾದರೂ ಹೇಳು ಎಂದು ಏನೋ ಅವನನ್ನು ಒಳಗಿನಿಂದ ನೂಕಿತು. ಬಾಯಿ ತೆರೆದ. ಮುಖ ಕಿವುಚಿಕೊಂಡಿತು, ಕಣ್ಣು ತುಂಬಿ ಕನ್ನಡಕದ ಕೆಳಗಿನಿಂದ ನೀರು ಇಳಿಯಿತು, ಅವನು ಅದನ್ನು ತಡೆಯಲು ನೋಡಿದಷ್ಟೂ ಭುಜ ಅಲುಗಿತು. ಪಕ್ಕದ ಹಾಸಿಗೆಯ ಹುಡುಗಿ ಮೊಬೈಲಿನಿಂದ ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದಳು. ಗುಣವತಿ ಕಣ್ಣು ತೆರೆದಳು. ಕಾಲು ಅಲುಗಿಸದಂತೆ ಜಾಗರೂಕತೆಯಿಂದ ಕೈ ಚಾಚಿ, ಅವನ ತೊಡೆಯ ಮೇಲಿನ ಫೈಲನ್ನು ಮೆಲ್ಲಗೆ ತೆಗೆದು ಹಾಸಿಗೆಯ ಮೇಲಿಟ್ಟು, ಅವನ ಅಂಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

“ನೀವರೆ ಅಳ್ರಿ” ಎಂದಳು. “ನಿಮಗೇನೂ ಆಗಂಗಿಲ್ಲ.”